ಗ್ಯಾಸ್ ಅಂದರೆ ಯಾವ ಗ್ಯಾಸ್? ಅಡುಗೆಮನೆ, ಬಚ್ಚಲು, ಹೊಟ್ಟೆ ಮತ್ತು ಎಸಿಗೆ ಒಂದು ಮಾರ್ಗದರ್ಶಿ

ಜನವರಿಯ ಒಂದು ಭಾನುವಾರ ಬೆಳಗ್ಗೆ ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿದಳು. "ರಾತ್ರಿಯೆಲ್ಲ ಗ್ಯಾಸು ಕಣೋ, ನಿದ್ದೆನೇ ಇಲ್ಲ" ಅಂದಳು. ನನಗೆ ಗಾಬರಿ. "ರೆಗ್ಯುಲೇಟರ್ ಆಫ್ ಮಾಡಿದ್ಯಾ? ಬಾಗಿಲು ತೆಗೆದಿದ್ಯಾ?" ಅಂತ ಒಂದೇ ಉಸಿರಿಗೆ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅವರೆಕಾಳು ಉಪ್ಪಿಟ್ಟು ತಿಂದಿದ್ದೆ. ಬಾಗಿಲು ತೆಗೆದು ಏನ್ ಮಾಡ್ಲಿ?" ಅಂತ ನಕ್ಕಳು.

ತಪ್ಪು ಅಮ್ಮನದ್ದೂ ಅಲ್ಲ, ನನ್ನದೂ ಅಲ್ಲ. ಈ ಪದವೇ ಹಾಗೆ. ನಮ್ಮ ಮನೆಗಳಲ್ಲಿ ಅದು ಮಾಡದ ಕೆಲಸವಿಲ್ಲ. "ಹಾಲು ಗ್ಯಾಸ್ ಮೇಲಿದೆ" ಅಂದರೆ ಒಲೆ. "ಗ್ಯಾಸ್ ಬಂತಾ?" ಅಂದರೆ ಸಿಲಿಂಡರ್. "ಗ್ಯಾಸ್ ಸಣ್ಣ ಮಾಡು" ಅಂದರೆ ಉರಿ. "ಗ್ಯಾಸ್ ಕಟ್ಟೆ ಒರೆಸು" ಅಂದರೆ ಪಾಪ, ಆ ಕಪ್ಪು ಕಲ್ಲಿನ ಹಾಸು. ಇಷ್ಟರಲ್ಲಿ ಒಂದೂ ನಿಜವಾದ ಗ್ಯಾಸ್ ಅಲ್ಲ. ತಮಾಷೆ ಅಂದರೆ ಸಿಲಿಂಡರಿನ ಒಳಗಿರುವುದೂ ಹೆಚ್ಚುಪಾಲು ನೀರಿನಂಥ ದ್ರವವೇ. ವಾಲ್ವ್ ತೆರೆದಾಗ ಅದು ಆವಿಯಾಗಿ ಹೊರಗೆ ಬರುತ್ತದೆ.

ಹಳ್ಳಿ ಕಡೆ ಮದುವೆ ದಿಬ್ಬಣದಲ್ಲಿ, ಬಯಲಾಟದಲ್ಲಿ ತಲೆ ಮೇಲೆ ಹೊತ್ತುಕೊಂಡು ಬರುತ್ತಿದ್ದ "ಗ್ಯಾಸ್ ಲೈಟ್" ನೆನಪಿದೆಯಾ? ಅದಕ್ಕೆ ಹಾಕುತ್ತಿದ್ದದ್ದು ಸೀಮೆಎಣ್ಣೆ. ಪಂಪ್ ಹೊಡೆದ ಒತ್ತಡಕ್ಕೆ ಎಣ್ಣೆ ಮೇಲೇರಿ, ಬಿಸಿಗೆ ಆವಿಯಾಗಿ, ರೇಷ್ಮೆ ಚೀಲದಂಥ ಮ್ಯಾಂಟಲಿನಲ್ಲಿ ಉರಿಯುತ್ತಿತ್ತು. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ "ಗ್ಯಾಸ್ ಹಾಕಿಸ್ಕೊಂಡು ಬರ್ತೀನಿ" ಅಂದರೆ ಅದು ಪೆಟ್ರೋಲ್. ಅಲ್ಲಿ ಗ್ಯಾಸೊಲೀನ್ ಅನ್ನುವುದನ್ನು ಕತ್ತರಿಸಿ ಗ್ಯಾಸ್ ಮಾಡಿಕೊಂಡಿದ್ದಾರೆ. ಬೆಂಗಳೂರಿನ ಆಟೋದವರು ಅದೇ ಮಾತು ಹೇಳಿದರೆ ಅದು ಎಲ್‌ಪಿಜಿ, ಇಲ್ಲವೇ ಸಿಎನ್‌ಜಿ.

ಇಷ್ಟು ಕೆಲಸ ಮಾಡುವ ಪದಕ್ಕೆ ಹುಟ್ಟಿದ ಮನೆ ಒಂದೇ. 17ನೇ ಶತಮಾನದಲ್ಲಿ ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಅನ್ನುವ ವೈದ್ಯ 62 ಪೌಂಡ್ ಇದ್ದಿಲು ಸುಟ್ಟರೆ 1 ಪೌಂಡ್ ಬೂದಿ ಉಳಿಯುತ್ತದೆ ಅಂತ ಲೆಕ್ಕ ಹಾಕಿದ. ಉಳಿದ 61 ಪೌಂಡ್ ಎಲ್ಲಿ ಹೋಯಿತು? ಕಣ್ಣಿಗೆ ಕಾಣದ ಆ ವಸ್ತುವಿಗೆ, ಗ್ರೀಕಿನ ಕೇಯಾಸ್ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು, ಗ್ಯಾಸ್ ಅಂತ ಹೆಸರಿಟ್ಟ. ಅವನು 1644ರಲ್ಲಿ ತೀರಿಕೊಂಡ. ಬರಹಗಳನ್ನು ಮಗ 1648ರಲ್ಲಿ ಅಚ್ಚು ಹಾಕಿಸಿದ. ಕೇಯಾಸ್ ಅಂದರೆ ಹಿಡಿತಕ್ಕೆ ಸಿಗದ ಗೊಂದಲ. ನಮ್ಮಲ್ಲಿ ಅನಿಲ ಅನ್ನುವ ಚಂದದ ಪದವಿದೆ. ಪೇಪರಿನಲ್ಲಿ "ಅಡುಗೆ ಅನಿಲ" ಅಂತ ಓದುತ್ತೇವೆ. ಆದರೆ "ಅನಿಲ ಖಾಲಿ ಆಯ್ತು ಕಣ್ರೀ" ಅಂತ ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಪದದ ಪುರಾಣ ಇಷ್ಟು ಸಾಕು. ಯಾರಾದರೂ "ಗ್ಯಾಸ್" ಅಂದ ತಕ್ಷಣ ಏನು ಮಾಡಬೇಕು ಅನ್ನುವುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಯಾವ ಗ್ಯಾಸ್? ಅದು ಎಲ್ಲಿಗೆ ಹೋಗುತ್ತದೆ?

ಮೊದಲ ಹೆಜ್ಜೆ: ತೂಕ ತಿಳಿದುಕೊಳ್ಳಿ

ಗ್ಯಾಸ್ ಅಂದರೆ ಹಗುರ, ಮೇಲಕ್ಕೆ ಹಾರಿಹೋಗುತ್ತದೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಜಾತ್ರೆಯ ಬಲೂನ್ ನೋಡಿ ಬೆಳೆದವರಲ್ವಾ. ಆದರೆ ಎಲ್ಲ ಗ್ಯಾಸೂ ಹಾಗಲ್ಲ.

ಒಂದು ಸುಲಭದ ಲೆಕ್ಕವಿದೆ. ಗಾಳಿಯ ತೂಕ 29 ಅಂತ ಇಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಓದಿದ ಅಣುತೂಕವೇ ಇದು. ಅದಕ್ಕಿಂತ ಜಾಸ್ತಿ ಇದ್ದದ್ದು ಕೆಳಗೆ ಕೂರುತ್ತದೆ, ಕಡಿಮೆ ಇದ್ದದ್ದು ಮೇಲೆ ಹೋಗುತ್ತದೆ. ಸಿಲಿಂಡರಿನ ಎಲ್‌ಪಿಜಿಯಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಅವುಗಳ ತೂಕ 44 ಮತ್ತು 58. ಅಂದರೆ ಸೋರಿದ ಎಲ್‌ಪಿಜಿ ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ತಗ್ಗು ಹುಡುಕುತ್ತದೆ. ಪೈಪಿನಲ್ಲಿ ಬರುವ ಗ್ಯಾಸ್ ಮತ್ತು ಸಿಎನ್‌ಜಿ ಎರಡೂ ಮುಖ್ಯವಾಗಿ ಮೀಥೇನ್. ತೂಕ 16, ಚಾವಣಿ ಕಡೆ ಹೋಗುತ್ತದೆ. ಬಚ್ಚಲಲ್ಲಿ ಜೀವ ತೆಗೆಯುವ ಕಾರ್ಬನ್ ಮಾನಾಕ್ಸೈಡ್ 28. ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಮೇಲೂ ಇಲ್ಲ, ಕೆಳಗೂ ಇಲ್ಲ, ಕೋಣೆ ತುಂಬ ಇರುತ್ತದೆ.

ಸೋಡಾದ ಗುಳ್ಳೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ 44. ಹಾಳುಬಾವಿಯ ತಳದಲ್ಲಿ ಕೂರುವುದೂ ಇದೇ. ಹಿಂದೆ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ, ಅದು ಆರಿದರೆ ಇಳಿಯುತ್ತಿರಲಿಲ್ಲ. ಆ ಉಪಾಯವನ್ನು ಗೋಬರ್ ಗ್ಯಾಸ್ ಗುಂಡಿ, ಚರಂಡಿ ಹತ್ತಿರ ಮಾತ್ರ ಮಾಡಬೇಡಿ. ಅಲ್ಲಿ ಉರಿಯುವ ಗ್ಯಾಸ್ ಇರುತ್ತದೆ.

ಎರಡನೇ ಹೆಜ್ಜೆ: ಸಿಲಿಂಡರ್ ಬಾಗಿಲಿಗೆ ಬಂದಾಗ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ನಮ್ಮಲ್ಲಿ ಹೆಚ್ಚಿನವರು ಸಿಲಿಂಡರ್ ಬಂದಾಗ ಮಾಡುವುದು ಒಂದೇ ಕೆಲಸ, ಚಿಲ್ಲರೆ ಹುಡುಕುವುದು. ತಂದವರಿಗೂ ಅವಸರ, ನಮಗೂ ಅವಸರ. ನಾನೂ ಹಾಗೇ ಇದ್ದೆ. ಒಂದು ಸಲ ರಾತ್ರಿ ಒಂಬತ್ತು ಗಂಟೆಗೆ ಹಳೇ ಸಿಲಿಂಡರ್ ಖಾಲಿಯಾಗಿ, ವಾರದ ಹಿಂದೆ ಬಂದಿದ್ದ ಹೊಸದಕ್ಕೆ ರೆಗ್ಯುಲೇಟರ್ ಕೂರಿಸಿದೆ. ನಾಬ್ ತಿರುಗಿಸಿದ ಕೂಡಲೇ ಸುಸ್ ಅಂತ ಸದ್ದು, ಕೊಳೆತ ಎಲೆಕೋಸಿನ ವಾಸನೆ. ಆಫ್ ಮಾಡಿ, ರೆಗ್ಯುಲೇಟರ್ ಬಿಚ್ಚಿ, ಮೊದಲು ಮುಚ್ಚಳ ಹಾಕಿದೆ. ಮರುದಿನ ಏಜೆನ್ಸಿಯವರು ಬಂದು ನೋಡಿದರೆ ವಾಲ್ವಿನ ಒಳಗೆ ಇರಬೇಕಾದ ರಬ್ಬರ್ ವಾಷರೇ ಇಲ್ಲ. ಬೆರಳಿನ ಉಂಗುರಕ್ಕಿಂತ ಚಿಕ್ಕದು. ಅಂದಿನಿಂದ ತಂದವರನ್ನು ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತೇನೆ.

ಮೊದಲು ಸೀಲು ನೋಡಿ. ಸೀಲು ಹರಿದಿದ್ದರೆ, ಸಡಿಲವಿದ್ದರೆ ವಾಪಸ್ ಕೊಡಿ. ಆಮೇಲೆ ತೂಕ. ಸಿಲಿಂಡರಿನ ಖಾಲಿ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಅದಕ್ಕೆ 14.2 ಸೇರಿಸಿ. ಖಾಲಿ ತೂಕ 15.8 ಅಂತಿದ್ದರೆ ತುಂಬಿದ ಸಿಲಿಂಡರ್ 30 ಕಿಲೋ ತೂಗಬೇಕು. ತೂಕ ಹಾಕಿ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ತಕ್ಕಡಿ ತರಬೇಕಾದದ್ದು ಅವರ ಕೆಲಸ. ಕೇಳಲು ಸಂಕೋಚ ಬೇಡ. ಅಂಗಡಿಯಲ್ಲಿ ಕಾಲು ಕಿಲೋ ಬೀನ್ಸಿಗೆ ತಕ್ಕಡಿಯ ಮುಳ್ಳು ನೋಡುವವರು ನಾವು.

ಮೂರನೆಯದು ತಾರೀಖು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಲಿಂಡರಿನ ಹಿಡಿಯ ಬಳೆಯನ್ನು ಹೊತ್ತಿರುವ ಮೂರು ಪಟ್ಟಿಗಳಿರುತ್ತವೆ. ಅವುಗಳಲ್ಲಿ ಒಂದರ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತದೆ. ಎ ಅಂದರೆ ಮಾರ್ಚ್ ಕೊನೆ, ಬಿ ಅಂದರೆ ಜೂನ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. "ಸಿ 29" ಅಂತಿದ್ದರೆ 2029ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ಒಳಗಿನ ಗ್ಯಾಸ್ ಹಳಸುವ ತಾರೀಖು ಇದಲ್ಲ, ಉಕ್ಕಿನ ಡಬ್ಬಿಯ ಪರೀಕ್ಷೆಯ ಗಡುವು. ಆ ತಾರೀಖು ದಾಟಿದ ಸಿಲಿಂಡರ್ ಬಂದರೆ ಬೇರೆ ಕೊಡಿ ಅನ್ನಿ.

ಕೊನೆಗೆ ವಾಷರ್. ಮುಚ್ಚಳ ತೆಗೆಸಿ ವಾಲ್ವಿನ ಒಳಗೆ ಕಪ್ಪು ರಬ್ಬರ್ ಬಳೆ ಇದೆಯಾ ನೋಡಿ. ಅಲ್ಲೇ ನಾಲ್ಕು ಹನಿ ನೀರು ಬಿಡಲು ಹೇಳಿ. ಗುಳ್ಳೆ ಎದ್ದರೆ ಸೋರುತ್ತಿದೆ. ಇಷ್ಟೂ ಆದ ಮೇಲೆ ಮೊಬೈಲಿಗೆ ಬಂದ ಡೆಲಿವರಿ ಕೋಡ್ ಹೇಳಿ. ಸಿಲಿಂಡರ್ ಬರುವ ಮುಂಚೆ ಫೋನಿನಲ್ಲೇ ಕೋಡ್ ಕೇಳಿದರೆ ಕೊಡಬೇಡಿ.

ಕೆಂಪು ಸಿಲಿಂಡರ್ ಮನೆಯದು, 19 ಕಿಲೋದ ನೀಲಿ ಹೋಟೆಲಿನದು. ಮನೆ ಸಿಲಿಂಡರನ್ನು ಹೋಟೆಲಿಗೆ ಕೊಡುವುದೂ, ಅದರಿಂದ ಆಟೋಗೆ ಗ್ಯಾಸ್ ತುಂಬುವುದೂ ಕಾನೂನಿಗೆ ವಿರುದ್ಧ.

ಮೂರನೇ ಹೆಜ್ಜೆ: ಬದಲಾಯಿಸುವಾಗ

ಒಲೆಯ ನಾಬ್‌ಗಳು ಆಫ್, ರೆಗ್ಯುಲೇಟರ್ ಆಫ್. ದೇವರ ದೀಪ, ಊದುಬತ್ತಿ ಆರಿರಬೇಕು. ನಮ್ಮ ಕಡೆ ಅಡುಗೆಮನೆಯ ಮೂಲೆಯಲ್ಲೇ ದೇವರಮನೆ ಇರುವುದರಿಂದ ಇದನ್ನು ಎರಡು ಸಲ ಹೇಳಬೇಕು. ರೆಗ್ಯುಲೇಟರಿನ ಕೆಳಗಿರುವ ಕಪ್ಪು ಬಳೆಯನ್ನು ಮೇಲಕ್ಕೆ ಎತ್ತಿ, ನೇರವಾಗಿ ತೆಗೆಯಿರಿ. ಖಾಲಿ ಸಿಲಿಂಡರಿಗೂ ಮುಚ್ಚಳ ಹಾಕಿ. ಖಾಲಿ ಅಂದುಕೊಂಡದ್ದು ಪೂರ್ತಿ ಖಾಲಿ ಇರುವುದಿಲ್ಲ.

ಹೊಸದರ ಮೇಲೆ ಕೂರಿಸುವಾಗ ಕಪ್ಪು ಬಳೆ ಎತ್ತಿ ಹಿಡಿದು, ಸ್ವಲ್ಪ ಆಚೀಚೆ ತಿರುಗಿಸುತ್ತ ಕೆಳಗೆ ಒತ್ತಿ, ಬಳೆ ಬಿಡಿ. ಟಕ್ ಅಂತ ಕೂರಬೇಕು. ಎಳೆದರೆ ಬರಬಾರದು. ಆಮೇಲೆ ಒಂದು ಲೋಟದಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು ಕಲಸಿ, ಪೈಪ್ ಸೇರುವ ಎರಡೂ ಕಡೆ, ರೆಗ್ಯುಲೇಟರ್ ಸುತ್ತ ಹಚ್ಚಿ, ಗ್ಯಾಸ್ ಆನ್ ಮಾಡಿ ನೋಡಿ. ಗುಳ್ಳೆ ಊದಿದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಶೂರರು ಇನ್ನೂ ಇದ್ದಾರೆ. ಅವರನ್ನು ಅಡುಗೆಮನೆಯಿಂದ ಆಚೆ ಕಳಿಸಿ.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು. ಗ್ಯಾಸ್ ಮುಗಿಯುತ್ತಾ ಬಂದಾಗ ಮಲಗಿಸಿ, ಅಲುಗಾಡಿಸಿ ಇನ್ನೊಂದು ಹೊತ್ತಿನ ಅಡುಗೆ ಮಾಡುವ ಅಭ್ಯಾಸ ಬಹಳ ಮನೆಯಲ್ಲಿದೆ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗಬಹುದು. ಒಂದು ಲೋಟ ದ್ರವ ಸುಮಾರು 250 ಲೋಟ ಆವಿಯಾಗುತ್ತದೆ. ಉರಿ ಭಗ್ ಅಂತ ಏಳುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ಒದ್ದೆ ಬಟ್ಟೆಯಿಂದ ಸಿಲಿಂಡರ್ ಒರೆಸಿ ಸುಮ್ನೆ ನೋಡುತ್ತಿರಿ. ಮೇಲಿನ ಭಾಗ ಬೇಗ ಒಣಗುತ್ತದೆ. ದ್ರವ ಇರುವ ಮಟ್ಟದವರೆಗೆ ತಂಪಾಗಿದ್ದು ತೇವ ನಿಧಾನಕ್ಕೆ ಆರುತ್ತದೆ. ಗೆರೆ ಎಳೆದ ಹಾಗೆ ಕಾಣುತ್ತದೆ.

ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಿ. ಅದರ ಮೇಲೆ ವರ್ಷ ಅಚ್ಚು ಹಾಕಿರುತ್ತಾರೆ. ಒಂದೂವರೆ ಮೀಟರಿಗಿಂತ ಉದ್ದ ಬೇಡ, ನಡುವೆ ಜೋಡಣೆಯಂತೂ ಬೇಡವೇ ಬೇಡ. ಉರಿ ನೀಲಿ ಇದ್ದರೆ ಸರಿ. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿಕೊಂಡಿದೆ. ಆರಿದ ಮೇಲೆ ಬಿಚ್ಚಿ, ಪಿನ್ನಿನಿಂದ ಚುಚ್ಚಿ, ತೊಳೆದು, ಪೂರ್ತಿ ಒಣಗಿಸಿ ಹಾಕಿ. ಅರ್ಧ ಸಲ ಇದಕ್ಕೆ ಕಾರಣ ಉಕ್ಕಿದ ಹಾಲು.

ವಾಸನೆ ಬಂದರೆ

ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ನಾತದ ವಸ್ತುವನ್ನು ಬೇಕಂತಲೇ ಬೆರೆಸುತ್ತಾರೆ. ಸ್ವಲ್ಪ ಸೋರಿದರೂ ಮೂಗಿಗೆ ಹೊಡೆಯುತ್ತದೆ. ನೂರು ಪಾಲು ಗಾಳಿಯಲ್ಲಿ ಸುಮಾರು ಎರಡು ಪಾಲು ಸೇರಿದರೆ ಸಾಕು, ಕಿಡಿ ತಗಲಿದರೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಒಳಗೆ ಸಣ್ಣ ಕಿಡಿ ಹಾರುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ ಹೊರಗೆ ತಳ್ಳೋಣ ಅಂತ ಕೈ ತಾನಾಗಿಯೇ ಹೋಗುತ್ತದೆ. ಅಲ್ಲೇ ಅನಾಹುತ. ಫ್ಯಾನ್ ಇರುವುದು ಗೋಡೆಯ ಮೇಲೆ, ಗ್ಯಾಸ್ ಇರುವುದು ನಿಮ್ಮ ಪಾದದ ಹತ್ತಿರ. ಕಿಟಕಿಗಿಂತ ಬಾಗಿಲು ಮುಖ್ಯ ಆಗುವುದೂ ಇದಕ್ಕೇ. ಹಿತ್ತಲ ಬಾಗಿಲು, ಬಾಲ್ಕನಿ ಬಾಗಿಲು, ನೆಲಮಟ್ಟದಲ್ಲಿ ತೆರೆದುಕೊಳ್ಳುವುದು ಏನಿದೆಯೋ ಅದೆಲ್ಲ ತೆರೆಯಿರಿ. ಕಿಟಕಿ ಆಮೇಲೆ.

ರೆಗ್ಯುಲೇಟರ್ ಆಫ್ ಮಾಡಿ. ಆಗುವುದಾದರೆ ಬಿಚ್ಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ಬಯಲಿಗೆ ಒಯ್ಯಿರಿ. ಮುಚ್ಚಳವನ್ನು ದಾರದ ಸಮೇತ ಸಿಲಿಂಡರಿಗೇ ಕಟ್ಟಿಕೊಟ್ಟಿರುತ್ತಾರೆ. ಅದನ್ನು ಕತ್ತರಿಸಿ ಎಸೆಯಬೇಡಿ, ಇಂಥ ಹೊತ್ತಿಗೇ ಅದು ಬೇಕು. ಮನೆಯವರೆಲ್ಲ ಹೊರಗೆ ಬಂದ ಮೇಲೆ, ಹೊರಗಿನಿಂದ 1906ಕ್ಕೆ ಫೋನ್ ಮಾಡಿ. ದೇಶಕ್ಕೆಲ್ಲ ಒಂದೇ ನಂಬರ್, ಎಲ್‌ಪಿಜಿ ಸೋರಿಕೆಗೆ ಹಗಲು ರಾತ್ರಿ ಇರುತ್ತದೆ. ಬೆಂಕಿ ಹತ್ತಿದ್ದರೆ 112.

ಮಲಗುವ ಮುಂಚೆ ರೆಗ್ಯುಲೇಟರ್ ಆಫ್ ಮಾಡುವ ಅಭ್ಯಾಸ ಇದ್ದರೆ ಇದರಲ್ಲಿ ಹೆಚ್ಚಿನದ್ದು ಬೇಕಾಗುವುದೇ ಇಲ್ಲ. ಬೆಳಗ್ಗೆ ಎದ್ದು ಕತ್ತಲಲ್ಲಿ ಅಡುಗೆಮನೆಗೆ ಹೋಗುವವರು ಲೈಟ್ ಹಾಕುವ ಮುಂಚೆ ಒಂದು ಸಲ ಮೂಗೆಳೆದು ನೋಡಿ.

ಪೈಪಿನ ಗ್ಯಾಸ್ ಇದ್ದವರಿಗೆ

ಮಹಾರಾಷ್ಟ್ರದ ದಾಭೋಲಿನಿಂದ ಬರುವ ಗ್ಯಾಸ್ ಕೊಳವೆ ಬೆಂಗಳೂರು ಮುಟ್ಟಿದ ಮೇಲೆ ಇಲ್ಲಿನ ಹಲವು ಬಡಾವಣೆಗಳಿಗೆ ಮೀಟರ್ ಗ್ಯಾಸ್ ಬಂದಿದೆ. ಇದು ಮೀಥೇನ್, ಮೇಲೆ ಹೋಗುತ್ತದೆ. ವಾಸನೆ ಬಂದರೆ ಗೋಡೆಯ ವಾಲ್ವ್ ಮುಚ್ಚಿ. ಹಿಡಿ ಪೈಪಿಗೆ ಅಡ್ಡವಾಗಿ ನಿಂತರೆ ಮುಚ್ಚಿದೆ ಅಂತ. ಇಲ್ಲಿ ಮೇಲಿನ ಕಿಟಕಿ, ಗಾಳಿಗೂಡು ತೆರೆದಿರಬೇಕು. ಸ್ವಿಚ್ಚಿನ ಮಾತು ಎರಡಕ್ಕೂ ಒಂದೇ, ಮುಟ್ಟಬೇಡಿ. ಇನ್ನೊಂದು ವಿಷಯ. ಸಿಲಿಂಡರಿನ ಒಲೆಯನ್ನು ಹಾಗೇ ಪೈಪಿಗೆ ಜೋಡಿಸಬಾರದು. ಒಳಗಿನ ಜೆಟ್ ಬದಲಾಯಿಸಬೇಕು. ಪೈಪಿನ ಗ್ಯಾಸಿಗೆ ತೂತು ದೊಡ್ಡದಿರಬೇಕು. ಮುಂದೆ ಬಾಡಿಗೆ ಮನೆ ಬದಲಾಯಿಸಿ ಅದೇ ಒಲೆಯನ್ನು ಸಿಲಿಂಡರಿಗೆ ಹಾಕಿದಿರೋ, ಉರಿ ಮೊಳಕೈ ಉದ್ದ ಏಳುತ್ತದೆ. ಮತ್ತೆ ಜೆಟ್ ಚಿಕ್ಕದು ಮಾಡಿಸಿ.

ಗೋಬರ್ ಗ್ಯಾಸ್

ಶಿರಸಿ ಸೀಮೆಯಲ್ಲಿ, ನಮ್ಮ ಅಜ್ಜಿಮನೆ ಕಡೆ, ಕೊಟ್ಟಿಗೆಯ ಪಕ್ಕದಲ್ಲೇ ಇದು ಇರುತ್ತದೆ. ಸಗಣಿ ಒಂದು ಬುಟ್ಟಿ, ನೀರು ಅಷ್ಟೇ, ಕಲಸಿ ಬಿಡುವುದು. ಒಂದು ಕಿಲೋ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಗ್ಯಾಸ್ ಆದ ಮೇಲೆ ಉಳಿದ ಬಗ್ಗಡ ಅಡಿಕೆ ತೋಟಕ್ಕೆ ಹೋಗುತ್ತದೆ. ಮಳೆಗಾಲದ ಚಳಿಗೆ ಗ್ಯಾಸ್ ಕಡಿಮೆ ಆಗುವುದು ಸಹಜ. ಒಳಗೆ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೆ ಬಿಸಿ ಬೇಕು. 1980ರ ದಶಕದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಊರಿನ ಸಗಣಿಯೆಲ್ಲ ಸೇರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಕೊಟ್ಟಿದ್ದರು.

ಒಂದೇ ಎಚ್ಚರಿಕೆ. ಗುಂಡಿ ಕಟ್ಟಿಕೊಂಡಿದೆ ಅಂತ ಯಾರೂ ಒಳಗೆ ಇಳಿಯಬಾರದು. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಜಾಸ್ತಿ ಆದಾಗ ಮೂಗನ್ನೇ ಸಾಯಿಸುತ್ತದೆ, ವಾಸನೆ ಹೋಯಿತು ಅನ್ನಿಸುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ.

ಬಚ್ಚಲಿನ ಗೀಸರ್: ವಾಸನೆ ಇಲ್ಲದ ಗ್ಯಾಸ್

ಚಳಿಗಾಲದ ಪೇಪರಿನಲ್ಲಿ "ಗೀಸರ್ ಗ್ಯಾಸ್ ಸೋರಿ ಸಾವು" ಅಂತ ಬರುತ್ತಿರುತ್ತದೆ. ಓದಿದವರು ಪೈಪ್ ಗಟ್ಟಿ ಮಾಡಿಸಿ ನೆಮ್ಮದಿಯಾಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಆಗಿರುವುದು ಸೋರಿಕೆಯೇ ಅಲ್ಲ. ಗ್ಯಾಸ್ ಉರಿಯಲು ಗಾಳಿ ಬೇಕು. ನಾಲ್ಕಡಿ ಆರಡಿಯ ಬಚ್ಚಲಿನ ಬಾಗಿಲು ಹಾಕಿ, ಚಳಿ ಅಂತ ಗಾಳಿಕಿಂಡಿಗೂ ಪೇಪರ್ ತುರುಕಿ, ಒಳಗೆ ಗೀಸರ್ ಉರಿಸಿದರೆ ಆಮ್ಲಜನಕ ಇಳಿಯುತ್ತದೆ. ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಕಾಲಲ್ಲಿ ಶಕ್ತಿ ಇಲ್ಲ ಅನ್ನಿಸುವಷ್ಟರಲ್ಲಿ ಚಿಲಕ ತೆಗೆಯಲು ಕೈ ಏಳುವುದಿಲ್ಲ.

ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಬೇಕು. ನೀರು ಮಾತ್ರ ಒಳಗೆ ಬರಬೇಕು. ಬಾಡಿಗೆ ಮನೆ, ಓನರ್ ಒಪ್ಪುವುದಿಲ್ಲ ಅಂದರೆ, ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಸ್ನಾನ ಮಾಡುತ್ತಿರುವಾಗ ಗೀಸರ್ ಉರಿಯುತ್ತಿರಬಾರದು. ಒಬ್ಬರ ಹಿಂದೆ ಒಬ್ಬರು ಹೋಗುವ ಮನೆಯಲ್ಲಿ ಎರಡನೆಯವರಿಗೇ ಅಪಾಯ ಜಾಸ್ತಿ.

ಒಳಗಿರುವವರು ಕರೆದರೆ ಓಗೊಡದಿದ್ದರೆ ಮುಜುಗರ ಪಡುತ್ತ ನಿಲ್ಲಬೇಡಿ. ಬಾಗಿಲು ಒಡೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಬಯಲು ಗಾಳಿಗೆ ಎಳೆದು ತನ್ನಿ, 108ಕ್ಕೆ ಹೇಳಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರಿಗೂ ಇದೇ ಮಾತು.

ಹೊಟ್ಟೆಯ ಗ್ಯಾಸ್

ಈಗ ಅಮ್ಮನ ಉಪ್ಪಿಟ್ಟಿಗೆ ಬರೋಣ. ಅದಕ್ಕೂ ಮುಂಚೆ ಒಂದು ಪದ. "ನಂಗೆ ಗ್ಯಾಸ್ಟ್ರಿಕ್ ಇದೆ" ಅಂತ ಎಲ್ಲರೂ ಹೇಳುತ್ತೇವೆ, ಗ್ಯಾಸಿನಿಂದ ಗ್ಯಾಸ್ಟ್ರಿಕ್ ಬಂತು ಅಂದುಕೊಂಡೇ ಹೇಳುತ್ತೇವೆ. ಎರಡಕ್ಕೂ ಸಂಬಂಧ ಇಲ್ಲ. ಗ್ರೀಕಿನಲ್ಲಿ ಗ್ಯಾಸ್ಟರ್ ಅಂದರೆ ಹೊಟ್ಟೆ. ಗ್ಯಾಸ್ಟ್ರಿಕ್ ಅಂದರೆ ಹೊಟ್ಟೆಗೆ ಸೇರಿದ್ದು, ಅಷ್ಟೇ. ಇದು ಬರೀ ಪದದ ಜಗಳವಲ್ಲ. ಎದೆಯುರಿ, ಹುಳಿತೇಗು ಆಮ್ಲದ ತೊಂದರೆ. ಹೊಟ್ಟೆ ಉಬ್ಬರ, ಗುಡುಗುಡು ಗಾಳಿಯ ತೊಂದರೆ. ಡಾಕ್ಟರ ಹತ್ತಿರ "ಗ್ಯಾಸ್ಟ್ರಿಕ್" ಅಂದು ಸುಮ್ಮನಾಗಬೇಡಿ. ಉರಿಯೋ, ಉಬ್ಬರವೋ, ನೋವೋ, ಎಲ್ಲಿ, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಬಿಡಿಸಿ ಹೇಳಿ.

ಕಾಳುಗಳಲ್ಲಿ ರಾಫಿನೋಸ್ ಥರದ ಸಕ್ಕರೆಗಳಿರುತ್ತವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಲ್ಲಿಲ್ಲ. ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಅವನ್ನು ಹುಳಿಯಿಸಿ ಗ್ಯಾಸ್ ಮಾಡುತ್ತವೆ. ಗೋಬರ್ ಗ್ಯಾಸ್ ಗುಂಡಿಯ ಚಿಕ್ಕ ಅವತಾರ ಅನ್ನಿ. ಒಣಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಬೇಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಒಗ್ಗರಣೆಗೆ ಇಂಗು, ಊಟದ ಮೇಲೆ ಓಂಕಾಳು ಇಲ್ಲವೇ ಜೀರಿಗೆ ಕಷಾಯ, ಹತ್ತು ಹದಿನೈದು ನಿಮಿಷದ ನಡಿಗೆ. ಸೋಡಾ ಕುಡಿದು ದೊಡ್ಡ ತೇಗು ಬಂದರೆ ಗ್ಯಾಸ್ ಹೋಯಿತು ಅಂತ ಖುಷಿಪಡುತ್ತೇವಲ್ಲ, ಹೆಚ್ಚುಪಾಲು ಅದು ಈಗಷ್ಟೇ ದುಡ್ಡು ಕೊಟ್ಟು ಕುಡಿದ ಗ್ಯಾಸೇ.

ಆದರೆ ನಿಜವಾಗಿ ಭಯ ಪಡಬೇಕಾದದ್ದು ಬೇರೆ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಬೆಳಗಿನ ಜಾವ ಎದೆ ಹಿಡಿದುಕೊಂಡಿದೆ, ಬೆವರು ಬರ್ತಿದೆ ಅಂದಾಗ ಮನೆಯವರು "ಗ್ಯಾಸ್ ಇರಬೇಕು" ಅಂತ ಬಿಸಿನೀರಿಗೆ ಓಂಕಾಳು ಹಾಕಿ ಕೊಟ್ಟರು. ಎರಡು ಗಂಟೆ ಕಳೆಯಿತು. ಅದು ಹೃದಯಾಘಾತವಾಗಿತ್ತು. ಅವರು ಉಳಿದರು, ಆದರೆ ಈಗ ಮಹಡಿ ಹತ್ತಲು ಮೂರು ಸಲ ನಿಲ್ಲುತ್ತಾರೆ. ಎದೆಯ ನಡುವೆ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಇದರಲ್ಲಿ ಒಂದಿದ್ದರೂ ಕಷಾಯ ಕಾಯಿಸುತ್ತ ಕೂರಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಬರೀ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ ಬರುವುದೂ ಉಂಟು. ಮೊದಲು ಇಸಿಜಿ. ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುತ್ತಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನೂ ಬಿಟ್ಟಿಯಾಗಿ ಕೊಡುತ್ತಾರೆ. ಇಸಿಜಿ ಸರಿಯಾಗಿದೆ, ಬರೀ ಗ್ಯಾಸ್ ಅಂತ ಡಾಕ್ಟರ್ ಹೇಳಿದರೆ ನಾಚಿಕೆ ಬೇಡ. ನಗುತ್ತಾ ಮನೆಗೆ ಬನ್ನಿ.

ಬಲೂನ್, ಫ್ರಿಜ್, ಎಸಿ

ಗ್ಯಾಸ್ ಬಲೂನ್ ಬಗ್ಗೆ ಒಂದೇ ಮಾತು. ಹೀಲಿಯಂ ದುಬಾರಿ. ಬೀದಿಯಲ್ಲಿ ತುಂಬುವುದು ಹೈಡ್ರೋಜನ್ ಇರಬಹುದು, ಅದು ಭಗ್ಗನೆ ಉರಿಯುತ್ತದೆ. ಹುಟ್ಟುಹಬ್ಬದ ಮೋಂಬತ್ತಿಯ ಹತ್ತಿರ, ಕಾರಿನ ಒಳಗೆ ಬೇಡ. ತುಂಬುವ ಸಿಲಿಂಡರಿನ ಸುತ್ತ ಮಕ್ಕಳನ್ನು ನಿಲ್ಲಿಸಬೇಡಿ.

ಎಸಿ ವಿಷಯ ನನ್ನ ಸ್ವಂತ ದುಡ್ಡಿನ ಪಾಠ. ಒಂದು ಬೇಸಿಗೆ ಎಸಿ ತಂಪು ಮಾಡಲಿಲ್ಲ. ಬಂದ ಮೆಕ್ಯಾನಿಕ್ ಐದು ನಿಮಿಷ ನೋಡಿ, "ಗ್ಯಾಸ್ ಖಾಲಿ ಸಾರ್, ತುಂಬಿಸ್ಬೇಕು" ಅಂದ. ತುಂಬಿಸಿದೆ. ಮರುವರ್ಷ ಇನ್ನೊಬ್ಬ, ಅದೇ ಮಾತು, ಮತ್ತೆ ದುಡ್ಡು. ಮೂರನೇ ವರ್ಷ ಬಂದವನು ಹೇಳಿದ ಮೇಲೆ ತಲೆಗೆ ಹೋಯಿತು. ಎಸಿ ಗ್ಯಾಸ್ ಒಲೆಯ ಗ್ಯಾಸಿನ ಹಾಗೆ ಖರ್ಚಾಗುವುದಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಒಂದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕೋಣೆಯ ಬಿಸಿ ಹೊತ್ತು ಹೊರಗೆ ಹಾಕಿ, ಮತ್ತೆ ಒಳಗೆ ಬರುತ್ತದೆ. ಫ್ರಿಜ್ಜೂ ಹಾಗೇ. ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಮುಚ್ಚದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ.

ಅದಕ್ಕೆ "ಗ್ಯಾಸ್ ಖಾಲಿ" ಅಂದ ಕೂಡಲೇ ಕೈ ಜೇಬಿಗೆ ಹೋಗದಿರಲಿ. ಮೊದಲು ಫಿಲ್ಟರ್ ತೆಗೆದು ತೊಳೆಯಿರಿ. ಬೆಂಗಳೂರಿನ ಧೂಳಿಗೆ ಅದೇ ಅರ್ಧ ರೋಗ. ಹೊರಗಿನ ಘಟಕಕ್ಕೆ ಕಸ, ಪಾರಿವಾಳದ ಗೂಡು ಅಡ್ಡ ಬಂದಿದೆಯಾ ನೋಡಿ. ಆಮೇಲೂ ಸರಿಯಾಗದಿದ್ದರೆ ಒತ್ತಡ ಎಷ್ಟಿದೆ ಮೀಟರಿನಲ್ಲಿ ತೋರಿಸಿ ಅನ್ನಿ. ನಿಜವಾಗಿ ಕಡಿಮೆ ಇದ್ದರೆ ಸೋರುವ ಜಾಗ ಹುಡುಕಲಿ. ಸಿಲಿಂಡರಿಗೆ ಹಚ್ಚಿದ ಅದೇ ಸೋಪಿನ ನೀರು ಇಲ್ಲೂ ಕೆಲಸ ಮಾಡುತ್ತದೆ. ಬೆಸುಗೆ ಹಾಕಿ, ವ್ಯಾಕ್ಯೂಮ್ ಎಳೆದು, ಆಮೇಲೆ ತೂಕದ ಲೆಕ್ಕದಲ್ಲಿ ತುಂಬಲಿ. ಎಷ್ಟು ಗ್ರಾಂ, ಯಾವ ಗ್ಯಾಸ್ ಅಂತ ಎಸಿಯ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಈಗಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವ ಆರ್ 600ಎ ಅಂದರೆ ಐಸೋಬ್ಯೂಟೇನ್, ನಮ್ಮ ಒಲೆಯ ಗ್ಯಾಸಿನ ಖಾಸಾ ಸೋದರ. ಎಸಿಗಳಲ್ಲಿ ಹಾಕುವ ಆರ್ 32 ಕೂಡ ಸ್ವಲ್ಪ ಉರಿಯುವಂಥದ್ದು. ಬೆಸುಗೆ ಹಾಕುವಾಗ ಬಾಗಿಲು ತೆರೆದಿರಲಿ.

ಬಿಲ್ಲಿನಲ್ಲಿ "ಗ್ಯಾಸ್ ಫಿಲ್ಲಿಂಗ್" ಅಂತಷ್ಟೇ ಬರೆದರೆ ವಾಪಸ್ ಕೊಡಿ. ಎಲ್ಲಿ ಸೋರುತ್ತಿತ್ತು, ಎಷ್ಟು ಗ್ರಾಂ ಹಾಕಿದರು, ಎಷ್ಟು ತಿಂಗಳು ಗ್ಯಾರಂಟಿ, ಮೂರನ್ನೂ ಬರೆಸಿಕೊಳ್ಳಿ. ನನ್ನ ಎಸಿಯ ತೂತು ಹೊರಗಿನ ಘಟಕದ ಕೊಳವೆಯ ಬಾಗುವಿನಲ್ಲಿತ್ತು, ಸಾಸಿವೆ ಕಾಳಿಗಿಂತ ಚಿಕ್ಕದು.